ಜಲರಾಣಿಯ ಅಕ್ಷರದೊಳಗಿನ ಜನ

ನವ್ಯಶ್ರೀ ತನ್ನ ಪುಸ್ತಕವನ್ನು ಮಾವನ ಮನೆಯಲ್ಲಿ ಮರೆತು ಹೋಗದಿದ್ದರೆ, ಜಿತೇಂದ್ರ ಎಂದಿನಂತೆ ಬೋಟಿನ ಮೂತಿಗೆ ನೀಲಿ ಅಕ್ಷರ ಬರೆದು, ಸುತ್ತ ಬಿಳಿ ಗೆರೆ ಎಳೆದು, ಆಚೀಚೆ ಒಂದೊಂದು ತಾವರೆ ಬಿಡಿಸಿ, ಮನೆಗೆ ಹೋಗಿ ಗಂಜಿ ಉಂಡು ಮಲಗುತ್ತಿದ್ದ.

ನವ್ಯಶ್ರೀ ಅವನ ಅಕ್ಕನ ಮಗಳು. ಉಡುಪಿಯಲ್ಲಿ ಚಿತ್ರಕಲೆ ಓದುತ್ತಾಳೆ. ಅವಳು ಬಿಟ್ಟುಹೋದ ಪುಸ್ತಕ ಕಾಲೇಜಿನ ಲೈಬ್ರರಿಯದು, ಹಲಸಿನ ಮಣೆಯಷ್ಟು ಭಾರ. ಮಳೆ ಜೋರಾಗಿ ಬಣ್ಣದ ಕೆಲಸ ನಿಂತಿದ್ದ ಒಂದು ದಿನ ಜಿತೇಂದ್ರ ಅದನ್ನು ಸುಮ್ಮನೆ ಮಗುಚುತ್ತ ಹೋದ. ನಡುವಿನ ಒಂದು ಪುಟಕ್ಕೆ ಬಂದವನು ಅಲ್ಲೇ ನಿಂತ.

ಪುಟದ ತುಂಬ ಇಂಗ್ಲಿಷ್ ಅಕ್ಷರಗಳಿದ್ದವು. ಆದರೆ ಅವು ಗೆರೆ ಎಳೆದು ಬರೆದ ಅಕ್ಷರಗಳಲ್ಲ. ಮನುಷ್ಯರು, ನಾಯಿಗಳು, ಹಕ್ಕಿಗಳು ಒಬ್ಬರಿಗೊಬ್ಬರು ಸಿಕ್ಕಿಹಾಕಿಕೊಂಡು ಅಕ್ಷರವಾಗಿದ್ದರು. ಒಬ್ಬನ ಬೆನ್ನು ಒಂದು ಕಂಬ, ಇನ್ನೊಬ್ಬನ ಚಾಚಿದ ಕಾಲು ಅಡ್ಡಗೆರೆ. ಸನ್ಯಾಸಿಗಳು, ಕಬ್ಬಿಣದ ಅಂಗಿ ತೊಟ್ಟ ಸೈನಿಕರು, ಹಲ್ಲು ಕಿರಿಯುವ ಮೃಗಗಳು. ಅವನು ಕೂಡಲೇ ನವ್ಯಶ್ರೀಗೆ ಫೋನ್ ಮಾಡಿದ.

“ಹೆಣೆ, ನಿನ್ ಪುಸ್ತಕದಲ್ಲ್ ಜನ ಎಲ್ಲ ಕೂಡಿ ಅಕ್ಷರ ಆಯಿರಲಾ, ಇದೆಂತ?”

“ಅದ್ ಜರ್ಮನಿದ್ ಮಾವ. ಐನೂರ್ ವರ್ಷಕ್ಕಿಂತ್ ಹಿಂದಿನ್ದ್. ತಾಮ್ರದ್ ತಗಡಿನ್ ಮೇಲೆ ಗೀರಿ, ಶಾಯಿ ಹಚ್ಚಿ, ಕಾಗ್ದಕ್ಕ್ ಒತ್ತೂದ್. ಪುಸ್ತಕ ಒದ್ದಿ ಮಾಡ್ಬೇಡಿ.”

“ಗೀರಿದ್ದ್ ಯಾರ್?”

“ಹೆಸ್ರ್ ಗೊತ್ತಿಲ್ಲೆ. ಕೆಲವ್ ಚಿತ್ರದ್ ಮೇಲೆ ಎರಡಕ್ಷರ ಕೆತ್ತಿದ್ದ. ಅಷ್ಟೇ.”

ಇಷ್ಟು ಚಂದ ಮಾಡಿ ಹೆಸರು ಹಾಕದೆ ಸತ್ತ ಮನುಷ್ಯನ ಬಗ್ಗೆ ಜಿತೇಂದ್ರನಿಗೆ ಬೇಸರವಾಯಿತು. ತಾನಾಗಿದ್ದರೆ ಹೆಸರಿನ ಜೊತೆಗೆ ಮೊಬೈಲ್ ನಂಬರೂ ಹಾಕುತ್ತಿದ್ದ.

ಬೇಸರದ ಹಿಂದೆಯೇ ಒಂದು ಯೋಚನೆ ಬಂತು. ಬರಬಾರದಿತ್ತು.

ಗಂಗೊಳ್ಳಿಯಲ್ಲಿ ಮೊದಲು ಅಂಗಡಿ, ಬಸ್ಸು, ಬೋಟು ಎಲ್ಲದರ ಹೆಸರನ್ನೂ ಜಿತೇಂದ್ರನೇ ಬರೆಯುತ್ತಿದ್ದ. ಹೆಮ್ಮಾಡಿಯ ಹೆದ್ದಾರಿ ಬದಿಗೆ ಸುಜನ್ ಶೆಟ್ಟಿ ಸ್ಟಿಕ್ಕರಿನ ಮಿಷನ್ ತಂದು ಕೂರಿಸಿದ ಮೇಲೆ ಅಂಗಡಿ ಹೋಯಿತು, ಬಸ್ಸು ಹೋಯಿತು. ಬೋಟು ಮಾತ್ರ ಉಳಿದಿತ್ತು. ಅದೂ ಹಿರಿಯ ಬೋಟು ಮಾಲೀಕ ಗುಡ್ಡ ಮೊಗವೀರರ ದಾಕ್ಷಿಣ್ಯದಲ್ಲಿ. ಬಂದರಿನಲ್ಲಿ ಅವರು ಮಾಡಿದ್ದನ್ನೇ ಉಳಿದ ಬೋಟಿನವರೂ ಮಾಡುತ್ತಾರೆ. ಈ ಸಲ ಅವರು ಮಾತು ಬೆಳೆಸದೆ ಹೇಳಿದ್ದರು: “ನನ್ನ್ ಹೊಸ ಬೋಟಿಗ್ ನೀನ್ ಬರಿ. ಮನ್ಸಿಗ್ ಬಂದ್ರೆ ಮುಂದಿನ್ ಎಲ್ಲ ಬೋಟೂ ನಿಂದೇ. ಮನ್ಸಿಗ್ ಬಾರ್ದಿದ್ರೆ ಸುಜನನ್ ಸ್ಟಿಕ್ಕರ್. ಬೇಜಾರ್ ಮಾಡ್ಕಂಬುಕಾಗ.”

ಮಿಷನ್ನಿಗೆ ಹೊಳೆಯದ್ದನ್ನು ಮಾಡಿ ತೋರಿಸಬೇಕಿತ್ತು. ಬೋಟಿನ ಹೆಸರು ‘ಜಲರಾಣಿ’. ಜರ್ಮನಿಯವನ ಅಕ್ಷರಗಳು ಅಟೆನ್ಷನ್ನಿನಲ್ಲಿ ನಿಂತ ಪೊಲೀಸರಂತೆ ನೆಟ್ಟಗಿದ್ದವು. ನಮ್ಮ ಅಕ್ಷರಕ್ಕೆ ಬಾಗಿದ ಜನ ಬೇಕು. ಬಲೆ ಎಳೆಯುವವ, ಬುಟ್ಟಿ ಎತ್ತುವವಳು, ಕೂತಲ್ಲೇ ತೂಕಡಿಸುವವ. ಬಂದರಿನಲ್ಲಿ ಬಾಗದ ಬೆನ್ನು ಯಾವುದಿದೆ? ಮೀನುಗಾರಿಕೆಯ ಮಳೆಗಾಲದ ರಜೆಯ ಕೊನೆಯ ವಾರ ಪೂರ್ತಿ, ದಡಕ್ಕೆ ಎಳೆದಿಟ್ಟ ಬೋಟಿನ ಮುಂದೆ ನೀಲಿ ಟಾರ್ಪಾಲು ಕಟ್ಟಿಕೊಂಡು, ಒಳಗೆ ಯಾರನ್ನೂ ಬಿಡದೆ ಅವನು ಬರೆದ.

ಬೋಟು ನೀರಿಗೆ ಇಳಿಯುವ ದಿನ ಬೆಳಿಗ್ಗೆ ಟಾರ್ಪಾಲು ಬಿಚ್ಚಿದ.

ಅದನ್ನು ಮೊದಲು ಕಂಡವನು ರತೀಶ. ಪಕ್ಕದ ಬೋಟಿನ ನೆರಳಲ್ಲಿ ಕೂತು ಬಲೆ ಸರಿ ಮಾಡುವುದು ಅವನ ಕೆಲಸ. ಅವನ ಕೈಯಲ್ಲಿ ಬಲೆಯ ಸೂಜಿಗಿಂತ ಮೊಬೈಲ್ ಹೆಚ್ಚು ಹೊತ್ತು ಇರುತ್ತದೆ.

“ಹ್ವಾಯ್ ಜಿತೇಂದ್ರ! ಇದೆಂತ ಮಾರಾಯ? ಮದಿ ಮನಿ ಊಟಕ್ಕ್ ನುಗ್ಗಿದಂಗ್ ಕಾಣತ್ತಲಾ!”

“ಜರ್ಮನಿದ್,” ಎಂದ ಜಿತೇಂದ್ರ, ಗಂಭೀರವಾಗಿ.

“ಹೌದಾ? ನಮ್ಮ್ ವನಜಕ್ಕ ಜರ್ಮನಿಗ್ ಹೋದ್ದ್ ಯಾವಾಗ?”

ಜಿತೇಂದ್ರ ತಿರುಗಿ ನೋಡಿದ. ‘ಲ’ ಅಕ್ಷರವಾಗಿ ಬಾಗಿ ನಿಂತಿದ್ದ ಹೆಂಗಸು ಮೀನು ಮಾರುವ ವನಜಕ್ಕನೇ. ಅದೇ ಅಗಲ ಹಣೆ, ಅದೇ ಮುಂದೆ ಬಂದ ಗಲ್ಲ, ವ್ಯಾಪಾರದಲ್ಲಿ ಬೆಲೆ ಇಳಿಸಿದವರನ್ನು ನೋಡುವ ಅದೇ ಕಣ್ಣು. ಪುಸ್ತಕದಲ್ಲಿ ಮುಖಗಳು ಎಳ್ಳುಕಾಳಿನಷ್ಟಿದ್ದವು. ಬೋಟಿನ ಮೇಲೆ ಅವು ತೆಂಗಿನಕಾಯಿಯಷ್ಟಾಗಬೇಕಿತ್ತು. ಕಾಣದೆ ಇದ್ದುದನ್ನೆಲ್ಲ ಕೈ ತನಗೆ ಗೊತ್ತಿದ್ದ ಮುಖಗಳಿಂದ ತುಂಬಿಸಿಬಿಟ್ಟಿತ್ತು. ಅವನನ್ನು ಒಂದು ಮಾತೂ ಕೇಳಿರಲಿಲ್ಲ.

“ರತೀಶ, ಫೋಟೋ ತೆಗಿಬೇಡ ಮಾರಾಯ.”

“ತೆಗ್ದೂ ಆಯ್ತ್, ಗ್ರೂಪಿಗ್ ಹಾಕಿಯೂ ಆಯ್ತ್.”

ಒಂದು ಚಾ ಕುಡಿಯುವಷ್ಟರಲ್ಲಿ ವನಜಕ್ಕ ಬಂದಳು. ರಜೆಯ ದಿನಗಳಲ್ಲಿ ಅವಳು ಒಣಮೀನು ಮಾರುತ್ತಾಳೆ. ಬುಟ್ಟಿಯನ್ನು ಕೆಳಗಿಳಿಸದೆಯೇ ಬೋಟಿನ ಮುಂದೆ ನಿಂತಳು.

“ಎಂತಕ್ ಮಾರಾಯ ನನ್ನ್ ಇದ್ರಲ್ಲ್ ಬರ್ದದ್ದ್?”

“ಅದ್ ನೀವಲ್ಲ ವನಜಕ್ಕ. ಐನೂರ್ ವರ್ಷ ಹಿಂದಿನ್ ಹೆಂಗ್ಸ್.”

“ಐನೂರ್ ವರ್ಷವಾ! ನಂಗ್ ಅಷ್ಟ್ ಪ್ರಾಯ ಕಾಣತ್ತಾ?”

“ಅಲ್ಲ, ಜರ್ಮನಿಯವಳ್ ಅದ್.”

“ಜರ್ಮನಿಯವಳ್ ಮಂಡಿ ಮೇಲೆ ಸಿಂಬಿ ಇಟ್ಕಂತಳಾ?”

ಬುಟ್ಟಿಯ ಕೆಳಗೆ ಇಡುವ ಬಟ್ಟೆಯ ಸಿಂಬಿ ನಿಜಕ್ಕೂ ಆ ತಲೆಯ ಮೇಲಿತ್ತು. ಜಿತೇಂದ್ರ ಅದನ್ನೂ ಈಗಲೇ ನೋಡಿದ್ದು.

“ಜರ್ಮನಿಯಲ್ಲೂ ಮೀನ್ ಮಾರ್ತಿದ್ರ್ ಆಯ್ಕ್,” ಎಂದ.

“ಸಿಂಬಿ ಹಾಳಾಗ್ಲಿ. ನನ್ನ್ ಹಿಂದ್ ಕೊಕ್ಕರಿ ನಿಂತ್ ಕುಟ್ಟೂದ್ ಎಂತಕ್?”

“ಅಕ್ಷರದ್ ಸುಳಿ ಮುಗ್ಸೂಕೆ ಒಂದ್ ಕೊಕ್ಕ್ ಬೇಕಿತ್ತ್.”

“ಬೇರೆಯವ್ರ್ ಹಿಂದ್ ಮುಗ್ಸ್! ಊರಿಡೀ ಫೋನಲ್ಲ್ ಕಂಡ್ ನೆಗ್ಯಾಡ್ತಿತ್ತ್. ಇದನ್ನ್ ಅಳ್ಸ್ದೇ ಇದ್ರೆ ನಾನ್ ಇಲ್ಲಿಂದ ಏಳೂದಿಲ್ಲೆ.”

ಅಷ್ಟು ಹೇಳಿ ಅವಳು ಅಲ್ಲೇ ಕೂತಳು. ಒಣಮೀನಿನ ಬುಟ್ಟಿಯೂ ಅವಳ ಪಕ್ಕದಲ್ಲಿ ಕೂತಿತು. ಆ ವಾಸನೆಯನ್ನು ಮಧ್ಯಾಹ್ನದವರೆಗೆ ಸಹಿಸಿಕೊಳ್ಳುವುದಕ್ಕಿಂತ ಕೊಕ್ಕರೆಯನ್ನು ಕಳೆದುಕೊಳ್ಳುವುದೇ ಸುಲಭವೆಂದು ಜಿತೇಂದ್ರನಿಗೆ ಅನ್ನಿಸಿತು. ಕೊಕ್ಕರೆ ಹೋಗಿ ಒಂದು ಬಂಗುಡೆ ಮೀನು ಬಂತು. ವನಜಕ್ಕ ಕತ್ತು ಓರೆ ಮಾಡಿ ನೋಡಿದಳು.

“ಅಡ್ಡಿಲ್ಲೆ. ಹೆಂಗೂ ಬರ್ದಿದ್ಯಲಾ, ಕೈಗ್ ನಾಕ್ ಬಳಿ ಹಾಕ್. ಕೆಮಿಗ್ ಓಲೆ ಹಾಕ್. ಮುಂಬೈಯಲ್ಲಿಪ್ಪ ಮಗ ಫೋನಲ್ಲ್ ಕಾಂತ.”

ಬಳೆ ಒಣಗುವ ಮೊದಲೇ ಐಸ್ ಪ್ಲಾಂಟಿನ ಅನೂಪ್ ಬಂದ. ಕಡ್ಡಿಯಂಥ ಮೈ, ಅದಕ್ಕೆ ಬೇರೆ ಯಾರದೋ ಅಳತೆಗೆ ಮಾಡಿದಂಥ ಮೀಸೆ. ‘ಜ’ ಅಕ್ಷರದೊಳಗೆ ಆ ಮೀಸೆ ಇತ್ತು. ಮೀಸೆಯವನ ತಲೆಯ ಮೇಲೆ ಡೊಳ್ಳುಹೊಟ್ಟೆಯ, ಕನ್ನಡಕದ ಇನ್ನೊಬ್ಬ ಕಾಲೂರಿ ನಿಂತಿದ್ದ. ಅವನು ಮೀನುಗಾರರ ಸಂಘದ ಕಾರ್ಯದರ್ಶಿ ಗೋವರ್ಧನ ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಹೋದ ಸಲದ ಸಂಘದ ಚುನಾವಣೆಯಾದ ಮೇಲೆ ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಈಗ ಬೋಟಿನ ಮೇಲೆ ನೋಡಬೇಕಾಯಿತು.

“ಆ ಹೊಟ್ಟಿ ಕಾಲ್ ನನ್ನ್ ಮಂಡಿ ಮೇಲೆ ಯಾಕಿತ್ತ್?” ಎಂದ ಅನೂಪ್.

“ಅವ ಸನ್ಯಾಸಿ. ಜರ್ಮನಿಯ ಸನ್ಯಾಸಿ.”

“ಸನ್ಯಾಸಿ ಕಿಸೆಯಲ್ಲ್ ಎರಡ್ ಪೆನ್ನ್ ಎಂತಕ್?”

ಅಷ್ಟರಲ್ಲಿ ಪೆನ್ನಿನ ಒಡೆಯನೇ ಬಂದ. ಗೋವರ್ಧನ ಬೋಟನ್ನು ದೂರದಿಂದ ನೋಡಿದ, ಹತ್ತಿರದಿಂದ ನೋಡಿದ, ಕನ್ನಡಕ ಒರೆಸಿ ಮತ್ತೆ ನೋಡಿದ. “ಲಾಯ್ಕ್ ಇತ್ತ್. ಯಾರ್ ಎಲ್ಲಿ ಇರ್ಕೋ ಅಲ್ಲೇ ಇದ್ರ್,” ಎಂದ.

ಅನೂಪ್ ಏಣಿಯ ಕಾಲು ಹಿಡಿದುಕೊಂಡ. “ಜಿತೇಂದ್ರ, ನನ್ನನ್ನ್ ಮೇಲ್ ಹಾಕ್. ಇಲ್ದಿದ್ರೆ ಈ ಬೋಟಿಗ್ ನಮ್ಮ್ ಪ್ಲಾಂಟಿಂದ ಐಸ್ ಹೆಂಗ್ ಬತ್ತ್ ಕಾಂತೆ.”

ಐಸಿಲ್ಲದ ಬೋಟು ಸಮುದ್ರಕ್ಕೆ ಹೋಗಿ ಮಾಡುವುದೇನು? ಜಿತೇಂದ್ರ ಮೀಸೆಯನ್ನು ಮೇಲಿನ ಮುಖಕ್ಕೆ ಸಾಗಿಸಿದ, ಕನ್ನಡಕವನ್ನು ಕೆಳಗಿನ ಮುಖಕ್ಕೆ ಇಳಿಸಿದ. ಗೋವರ್ಧನ ಏಣಿಯ ಇನ್ನೊಂದು ಕಾಲು ಹಿಡಿದುಕೊಂಡ. “ಸಬ್ಸಿಡಿ ಡೀಸೆಲಿನ ಕಾರ್ಡಿಗ್ ಸಂಘದ್ ಸೈನ್ ಬೇಕಲಾ ಗುಡ್ಡಣ್ಣನಿಗೆ? ನೀನೇ ಮಾಡ್ತ್ಯಾ?”

ಮತ್ತೆ ಮೀಸೆ ಇಳಿಯಿತು, ಕನ್ನಡಕ ಏರಿತು. ಮತ್ತೆ ಏಣಿ ಅಲ್ಲಾಡಿತು. ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿ ನೋಡಿದ. ಇಬ್ಬರಿಗೂ ಸಮಾಧಾನವಾಯಿತು, ಆದರೆ ಅಲ್ಲಿ ‘ಜ’ ಅಕ್ಷರವೇ ಉಳಿಯಲಿಲ್ಲ. ಕೊನೆಗೆ ಪುಸ್ತಕದ ಸೈನಿಕರು ನೆನಪಾದರು. ಇಬ್ಬರನ್ನೂ ಎಬ್ಬಿಸಿ ಮೊದಲಿನಂತೆ ನಿಲ್ಲಿಸಿ, ಮುಖ ಮುಚ್ಚುವ ಕಬ್ಬಿಣದ ಟೊಪ್ಪಿಯನ್ನು ಇಬ್ಬರಿಗೂ ತೊಡಿಸಿದ. ಪೆನ್ನುಗಳನ್ನು ಕಿತ್ತು ಹಾಕಿದ.

“ಹೆಲ್ಮೆಟ್ ಹಾಕ್ಕಂಡ್ ಮೀನಿಗ್ ಹೋಪುದಾ?” ಎಂದ ರತೀಶ, ಬಲೆಯ ಕಡೆಯಿಂದ.

“ನೀ ಸುಮ್ನಿರ್!” ಎಂದು ಜಿತೇಂದ್ರ ಕಿರುಚಿದ. ಬೆಳಿಗ್ಗೆಯಿಂದ ಅವನು ಗಂಟಲಿಗೆ ನೀರು ಹಾಕಿರಲಿಲ್ಲ. ಹೆಸರು ಹಾಕದೆ ಹೋದ ಆ ಜರ್ಮನಿಯವನ ಮೇಲೆ ಅವನಿಗೆ ಈಗ ಬೇಸರವಿರಲಿಲ್ಲ, ಹೊಟ್ಟೆಕಿಚ್ಚಿತ್ತು. ಅವನ ಮನೆ ಎಲ್ಲೆಂದು ಅವನ ಅಕ್ಷರದೊಳಗಿನ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ.

ತಂತಮ್ಮ ಕೆಲಸ ಆಯಿತೆಂದು ಜನ ಹೊರಟು ಹೋಗಬೇಕಿತ್ತು. ಹೋಗಲಿಲ್ಲ. ತಮ್ಮ ತಾಪತ್ರಯ ಮುಗಿದವರಿಗೆ ಈಗ ಉಳಿದ ಅಕ್ಷರ ನೋಡಲು ಪುರುಸೊತ್ತಾಯಿತು. ‘ರಾ’ ಅಕ್ಷರವನ್ನು ನೋಡಿದರು. ಅಲ್ಲಿ ಸುತ್ತಿಕೊಂಡು ಮಲಗಿದ್ದವನು ರತೀಶ, ಆದರೆ ರತೀಶನಿಗೆ ಅದರಿಂದ ಖುಷಿಯೇ ಆಗಿತ್ತು. ಆಮೇಲೆ ‘ಣಿ’ಗೆ ಬಂದರು.

‘ಣಿ’ ಜಿತೇಂದ್ರನ ಹೆಮ್ಮೆಯ ಅಕ್ಷರ. ಅದರಲ್ಲಿ ಜನ ಜೇನುಹುಳಗಳಂತೆ ಒಬ್ಬರ ಮೇಲೊಬ್ಬರು ಹತ್ತಿದ್ದರು. ಎಲ್ಲರ ಕೆಳಗೆ ಒಬ್ಬ ದಪ್ಪ ಮನುಷ್ಯ ಮೊಣಕಾಲೂರಿ, ಕೆನ್ನೆ ಉಬ್ಬಿಸಿ, ನಾಲಗೆ ಹೊರಗೆ ಹಾಕಿ, ಆ ಇಡೀ ಗುಂಪನ್ನು ಬೆನ್ನ ಮೇಲೆ ಹೊತ್ತಿದ್ದ. ಇಡೀ ವಾರದಲ್ಲಿ ಬರೆದದ್ದರಲ್ಲಿ ಅದರಷ್ಟು ಜೀವ ಬೇರೆ ಯಾವುದಕ್ಕೂ ಬಂದಿರಲಿಲ್ಲ.

ವನಜಕ್ಕ ಎದ್ದು ನಿಂತಳು.

“ಮೂಗಿನ್ ಮೇಲೆ ಅದೆಂತ, ಬಣ್ಣ ಹಾರಿದ್ದಾ?” ಎಂದಳು, ಮೆಲ್ಲಗೆ.

ಹಾರಿದ ಬಣ್ಣವಲ್ಲ, ಮಚ್ಚೆ. ಬಂದರಿನಲ್ಲಿ ಮೂಗಿನ ಮೇಲೆ ಅಂಥ ಮಚ್ಚೆ ಇದ್ದದ್ದು ಒಬ್ಬರಿಗೇ.

“ಗುಡ್ಡಣ್ಣ,” ಎಂದ ಗೋವರ್ಧನ.

“ನಾಲ್ಗಿ ಹೊರಗ್ ಹಾಕ್ಕಂಡ್,” ಎಂದ ಅನೂಪ್. ಚುನಾವಣೆಯಾದ ಮೇಲೆ ಅವರಿಬ್ಬರ ಮಾತು ಕೂಡಿದ್ದು ಅದೇ ಮೊದಲು.

“ಊರಿನವ್ರೆಲ್ಲ ಮೆಟ್ಟಿ ನಿಂತಿದ್ರಲಾ ಅವ್ರ್ ಮೇಲೆ!” ಎಂದಳು ವನಜಕ್ಕ. “ಅವ್ರದ್ದೇ ಬೋಟ್, ಅವ್ರನ್ನೇ ಮೆಟ್ಟೂದ್! ಅಳ್ಸ್ ಮಾರಾಯ. ನಿನ್ನ್ ಹೂತ್ ಹಾಕ್ತ್ರ್.”

“ಅದ್ ಅಳ್ಸ್ರೆ ಅಕ್ಷರ ಬೀಳ್ತತ್,” ಎಂದ ಜಿತೇಂದ್ರ. ಅವನ ದನಿ ಅಳುವ ಮಟ್ಟಕ್ಕೆ ಬಂದಿತ್ತು. “ಅದೊಂದ್ ಬಿಡಿ. ನಿಮ್ದೆಲ್ಲ ಕೇಳ್ದೆ. ಅದೊಂದ್ ನಂಗ್ ಬಿಡಿ.”

ಆಗಲೇ ಅವನ ಫೋನ್ ಬಡಿದುಕೊಂಡಿತು. ಗುಡ್ಡಣ್ಣ. ಅವರು ಹಿಂದಿನ ದಿನವೇ ಯಡ್ತರೆಯ ತಂಗಿಯ ಮನೆಗೆ ಹೋಗಿದ್ದರು, ಬೋಟು ಇಳಿಯುವ ಹೊತ್ತಿಗೆ ಬರುವುದೆಂದು ಹೇಳಿದ್ದರು.

“ಜಿತೇಂದ್ರನಾ? ಫೋಟೋ ಕಂಡೆ. ನೀ ಅಲ್ಲೇ ಇರ್, ಎಲ್ಲಿಗೂ ಹೋಪುಕಾಗ. ನಾನ್ ಎಲ್ರನ್ನೂ ಕರ್ಕಂಡ್ ಬತ್ತೆ.”

ಫೋನ್ ಕಟ್ಟಾಯಿತು. ಜಿತೇಂದ್ರ ಹೇಳಿದ್ದನ್ನು ಕೇಳಿ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

“ಎಲ್ರನ್ನೂ ಅಂದ್ರೆ?” ಎಂದ ಅನೂಪ್.

“ತಂಗಿ ಮಕ್ಕಳ್ ಇದ್ರಲಾ. ಕಬಡ್ಡಿ ಆಡೂರ್,” ಎಂದ ರತೀಶ.

ಜಿತೇಂದ್ರ ಇನ್ನು ಯೋಚಿಸಲಿಲ್ಲ. ದಪ್ಪ ಕುಂಚವನ್ನು ಬಿಳಿಬಣ್ಣದಲ್ಲಿ ಅದ್ದಿ, ಕಣ್ಣು ಅರ್ಧ ಮುಚ್ಚಿಕೊಂಡು ಒಂದೇ ಎಳೆತಕ್ಕೆ ಆ ಮುಖದ ಮೇಲೆ ಎಳೆದ. ಕೆನ್ನೆ ಹೋಯಿತು, ನಾಲಗೆ ಹೋಯಿತು, ಮಚ್ಚೆ ಹೋಯಿತು. ಆ ಜಾಗದಲ್ಲಿ ಒಂದು ಲಂಗರು ಬರೆದ. ಲಂಗರು ಯಾರ ಹಾಗೂ ಕಾಣುವುದಿಲ್ಲ. ಅದು ಬಂದು ಜಗಳ ಆಡುವುದಿಲ್ಲ. ಎಲ್ಲರೂ ತಲೆಯಾಡಿಸಿದರು. ವನಜಕ್ಕ ಅವನಿಗೆ ಚಾ ತರಿಸಿಕೊಟ್ಟಳು.

ಚಾ ಕುಡಿದು ಮುಗಿಯುವ ಮೊದಲು ಎರಡು ವಾಹನ ಬಂದು ನಿಂತವು. ಕಬಡ್ಡಿಯವರು ಇಳಿದರು. ಅವರ ಕೈಯಲ್ಲಿ ಸ್ವೀಟಿನ ಪೆಟ್ಟಿಗೆಗಳಿದ್ದವು. ಹಿಂದೆ ಜರಿ ಸೀರೆ ಉಟ್ಟ ಗುಡ್ಡಣ್ಣನ ಹೆಂಡತಿ ಪುಷ್ಪಕ್ಕ, ತಂಗಿ, ತಂಗಿಯ ಸೊಸೆಯಂದಿರು. ಆಮೇಲೆ ಕ್ಯಾಮರಾ ಹೊತ್ತ ಬೈಂದೂರಿನ ಫೋಟೋದವನು. ಕೊನೆಗೆ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಎಣ್ಣೆ ಹಾಕಿ ತಲೆ ಬಾಚಿಕೊಂಡ ಗುಡ್ಡಣ್ಣ. ಅವರು ಯಾರನ್ನೂ ಮಾತಾಡಿಸದೆ ನೇರ ‘ಣಿ’ಯ ಹತ್ತಿರ ಹೋದರು. ಫೋಟೋಕ್ಕೆಂದು ಪಕ್ಕದಲ್ಲಿ ನಿಂತು, ಕೈಯನ್ನು ಅಕ್ಷರದ ಬುಡಕ್ಕೆ ತೋರಿಸಿ, ನಗಲು ಹೊರಟವರು ಕೈ ಎಲ್ಲಿದೆಯೆಂದು ನೋಡಿದರು.

“ನಾನ್ ಎಲ್ಲಿ?” ಎಂದರು.

ಗುಡ್ಡಣ್ಣ ಒಂದು ಬದಿಯಿಂದ ಓದುತ್ತ ಬಂದರು. “ವನಜ ಇದ್ಲ್. ಬಳಿ ಹಾಕ್ಕಂಡ್ ಇದ್ಲ್. ರತೀಶ ಇದ್ದ, ಮಲ್ಕಂಡೇ ಇದ್ದ. ಹೊಟ್ಟಿ ಕಂಡ್ರೆ ಈ ಹೆಲ್ಮೆಟ್ ಗೋವರ್ಧನನ್ದ್. ನನ್ನ್ ಬೋಟಲ್ಲ್ ಬಂದರಿಗ್ ಬಂದರೇ ಇತ್ತ್, ನಾನೊಬ್ಬ ಎಲ್ಲ್ ಹೋದೆ?”

“ಗುಡ್ಡಣ್ಣ, ಅದ್… ಎಲ್ರೂ ನಿಮ್ಮ್ ಮೇಲ್ ನಿಂತಿದ್ರಲಾ… ನಾಲ್ಗಿ ಬೇರೆ…”

“ನಿಂತಿದ್ರ್ ಹೌದ್! ನಲ್ವತ್ ವರ್ಷದಿಂದ ಎಲ್ರೂ ನಿಂತದ್ದ್ ಎಲ್ಲಿ ಮತ್ತೆ? ನಾಲ್ಗಿ ಹೊರಗ್ ಬಪ್ಪುದಿಲ್ಯಾ ಹೊತ್ತವನಿಗೆ? ಇಷ್ಟ್ ವರ್ಷದಲ್ಲ್ ಅದನ್ನ್ ಕಂಡವ ನೀನೊಬ್ಬ ಅಂದ್ಹೇಳಿ ಇಡೀ ಯಡ್ತರೆಗ್ ಫೋಟೋ ತೋರ್ಸಿ ಬಂದಿದ್ದೆ. ಇವಳ್ ಕಂಡ್ ಕಣ್ಣೀರ್ ಹಾಕ್ದಳ್, ಗೊತ್ತಿತ್ತಾ?”

ಪುಷ್ಪಕ್ಕ ಸೆರಗಿನಿಂದ ಮತ್ತೊಮ್ಮೆ ಕಣ್ಣೊರೆಸಿಕೊಂಡರು. ವನಜಕ್ಕ, ಅನೂಪ್, ಗೋವರ್ಧನ ಮೂವರೂ ಜಿತೇಂದ್ರನ ಕಡೆ ತಿರುಗಿದರು. “ನಾವ್ ಆಗ್ಳೇ ಹೇಳಿದ್ದಲಾ, ಅದೊಂದ್ ಮುಟ್ಬೇಡ ಅಂದ್ಹೇಳಿ,” ಎಂದ ಗೋವರ್ಧನ, ಕಣ್ಣು ಮಿಟುಕಿಸದೆ.

“ಈಗ್ಲೇ ಬರಿತೆ,” ಎಂದ ಜಿತೇಂದ್ರ. “ನೀವ್ ಇಲ್ಲೇ ಕೂಕಣಿ. ನೀರ್ ಏರೂದ್ರೊಳಗೆ ಮುಗ್ಸ್ತೆ.”

ಗುಡ್ಡಣ್ಣನನ್ನು ಐಸಿನ ಪೆಟ್ಟಿಗೆಯ ಮೇಲೆ ಕೂರಿಸಲಾಯಿತು. ಅವರು ಅಂಗಿಯ ಕಾಲರು ಸರಿ ಮಾಡಿ, ನಾಲಗೆ ಒಳಗಿಟ್ಟು, ವೋಟರ್ ಕಾರ್ಡಿನ ಫೋಟೋಕ್ಕೆ ಕೂತ ಹಾಗೆ ಕೂತರು. ಜಿತೇಂದ್ರ ಲಂಗರಿನ ಮೇಲೆ ಬರೆಯತೊಡಗಿದ. ಅವನ ಹಿಂದೆ ಇಡೀ ಸಂಸಾರ ನಿಂತಿತು. ಮೂಗು ಅಷ್ಟು ಅಗಲ ಇಲ್ಲ ಎಂದರು ತಂಗಿ. ಇದೆ ಎಂದರು ಪುಷ್ಪಕ್ಕ. ಕೆನ್ನೆ ಸ್ವಲ್ಪ ಇಳಿಸು ಎಂದ ಅನೂಪ್, ಏರಿಸು ಎಂದ ಗೋವರ್ಧನ. ಈ ಸಲ ಕೈಯನ್ನು ನಂಬದೆ ಜಿತೇಂದ್ರ ಪ್ರತಿ ಗೆರೆಯನ್ನೂ ಗುಡ್ಡಣ್ಣನ ಮುಖಕ್ಕೆ ಹೋಲಿಸಿ, ಅಳೆದು ಎಳೆದ. ಕೊನೆಗೆ ಮಚ್ಚೆ ಇಟ್ಟು ಏಣಿ ಇಳಿದ.

ಎಲ್ಲರೂ ನೋಡಿದರು.

“ಇದ್ ಯಾರ್?” ಎಂದರು ಪುಷ್ಪಕ್ಕ.

ಉದ್ದ ಮೂಗಿನ, ತೆಳು ತುಟಿಯ, ಬೆಳ್ಳನೆಯ ಮನುಷ್ಯನೊಬ್ಬ ‘ಣಿ’ಯ ಕೆಳಗಿಂದ ಎಲ್ಲರನ್ನೂ ದುರುಗುಟ್ಟಿ ನೋಡುತ್ತಿದ್ದ.

“ಫಾರಿನ್ನವನ್ ಕಂಡಂಗಾತ್ತಲಾ,” ಎಂದ ರತೀಶ.

ಜಿತೇಂದ್ರ ಏಣಿಯ ಬುಡದಲ್ಲಿ ಕುಸಿದು ಕೂತ. ಇಡೀ ವಾರ ಕೂತರೂ ಬಾರದಿದ್ದ ಜರ್ಮನಿಯವನು ಈಗ ಬಂದಿದ್ದ.

ನೀರು ಏರುತ್ತಿತ್ತು. ಬೋಟು ಇಳಿಸುವ ಕ್ರೇನಿನವನು ಹಾರ್ನ್ ಹೊಡೆದ. ಗುಡ್ಡಣ್ಣ ಐಸಿನ ಪೆಟ್ಟಿಗೆಯಿಂದ ಎದ್ದು, ಜೇಬಿನಿಂದ ಫೋನ್ ತೆಗೆದು, ಬೆಳಿಗ್ಗೆಯ ಫೋಟೋವನ್ನು ಬಹಳ ಹೊತ್ತು ನೋಡಿದರು.

“ಅನೂಪ್, ಆ ಹೆಮ್ಮಾಡಿ ಸುಜನನಿಗ್ ಇದನ್ನ್ ಕಳ್ಸ್. ಇದ್ ಹೆಂಗಿತ್ತೋ ಹಂಗೇ ಸ್ಟಿಕ್ಕರ್ ಮಾಡಿ ತರೂಕೆ ಹೇಳ್. ಬೇಗ.”

ಕ್ರೇನಿನವನಿಗೆ ಎರಡನೆಯ ಚಾ ಕುಡಿಸುವುದರೊಳಗೆ ಸುಜನ್ ಶೆಟ್ಟಿ ಬೈಕಿನಲ್ಲಿ ಬಂದಿಳಿದ, ಕಂಕುಳಲ್ಲಿ ಚಾಪೆಯಂತೆ ಸುತ್ತಿದ ಸ್ಟಿಕ್ಕರು. “ಬೋಟಿನ್ ಮೂತಿ ಬಾಗಿದ್ದ್, ಸುಕ್ಕ್ ಬೀಳ್ತತ್. ಈ ಬಾಗ್ ಗೊತ್ತಿದ್ದವ್ರ್ ಯಾರಾರೂ ಕೈ ಕೊಡ್ಕ್,” ಎಂದ. ಗೊತ್ತಿದ್ದವನು ಒಬ್ಬನೇ ಇದ್ದ. ಜಿತೇಂದ್ರ ಎದ್ದು ಹೋಗಿ, ತನ್ನ ವಾರದ ಕೆಲಸದ ಮೇಲೆ ತನ್ನ ವಾರದ ಕೆಲಸದ ಫೋಟೋವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ. ವನಜಕ್ಕನ ಬಳೆ ಮುಚ್ಚಿಹೋಗಿ ಹಿಂದೆ ಕೊಕ್ಕರೆ ಬಂದು ನಿಂತಿತು. ಕಬ್ಬಿಣದ ಟೊಪ್ಪಿ ಹೋಗಿ ಮೀಸೆಯ ಮೇಲೆ ಗೋವರ್ಧನನ ಕಾಲು ಬಂತು, ಕಿಸೆಗೆ ಪೆನ್ನು ಬಂತು. ಅನೂಪ್ ಹಲ್ಲು ಕಚ್ಚಿ, “ನಿಂಗ್ ಇತ್ತ್ ಮಾರಾಯ,” ಎಂದ. ಅದನ್ನು ಹೇಳಿದ್ದು ಸುಜನನಿಗಲ್ಲ, ಜಿತೇಂದ್ರನಿಗೆ. ವನಜಕ್ಕ ಒಣಮೀನಿನ ಬುಟ್ಟಿ ಎತ್ತಿಕೊಂಡು ಹೋಗಿ ಜಿತೇಂದ್ರನ ಮನೆಯ ಜಗಲಿಯ ಮೇಲೆ ಕೂತಳೆಂದು ಆಮೇಲೆ ಗೊತ್ತಾಯಿತು.

ಎಲ್ಲರ ಕೆಳಗೆ ಗುಡ್ಡಣ್ಣ ಕೆನ್ನೆ ಉಬ್ಬಿಸಿ, ನಾಲಗೆ ಹಾಕಿ, ಮಿರಮಿರ ಮಿಂಚುತ್ತ ಬಂದರು. ಕ್ಯಾಮರಾ ಮಿನುಗಿತು. ಗುಡ್ಡಣ್ಣ ಹತ್ತಿರ ಹೋಗಿ ತಮ್ಮ ಮುಖವನ್ನು ಮುಟ್ಟಿ ಮುಟ್ಟಿ ನೋಡಿದರು. ಅವರ ಕಣ್ಣು ತುಂಬಿತು. ಸುಜನನ ಎರಡೂ ಕೈ ಹಿಡಿದುಕೊಂಡರು.

“ಎಂಥಾ ಕೆಲ್ಸ ಮಾರಾಯ! ನೀನ್ ಇನ್ನ್ ಮುಂದೆ ಎಲ್ಲ ಬೋಟಿಗೂ ಹೀಂಗೇ ಮಾಡ್. ಕೈಯಲ್ಲ್ ಬರ್ದಂಗೇ ಇತ್ತ್!”